ನಿಲುಗಡೆ

ವಾಲ್ಪರೈಸೊದ ಗುಡ್ಡವೊಂದಕ್ಕೆ ಹತ್ತಿಳಿಯುವ
ಎರಡು ಮರದ ಡಬ್ಬಿ ನಡೆಸುತ್ತೇನೆ ನಾನು.
ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು,
ಒಂದೇ ಹಗ್ಗದ ಹಂಗು ಎರಡಕ್ಕೂ.
ತಳದಿಂದ ತುದಿಗೆ ತೊಂಬತ್ತು ಸೆಕೆಂಡು,
ಕಡಲ ಗಾಳಿ ಜೋರಿದ್ದರೆ ನೂರು.

ಟಿಕೆಟ್ ಕಿಂಡಿಯ ಒಳಗೆ, ಕೆಟ್ಟ ಹೀಟರಿನ ಮೇಲೆ
ಮಗಳು ಅಯೆಲೆನ್‌ಳ ಪುಸ್ತಕ.
ಮೊನ್ನೆ ಹದಿನಾಲ್ಕು ತುಂಬಿತು ಅವಳಿಗೆ.
ಬೀಜಗಣಿತದ ನಡುವೆ ಬಸ್ಸಿನ ಚೀಟಿ,
ಚೀಟಿಯ ಬೆನ್ನಿಗೆ ಬರೆದ ತಿಮಿಂಗಿಲ,
ತಿಮಿಂಗಿಲದ ಹೊಟ್ಟೆಯಲ್ಲಿ
ಹೋದ ಬುಧವಾರದ ಲೆಕ್ಕ, ಅರ್ಧ.

"ಜಾಣೆ, ಆದರೆ" ಎಂದು ಶುರುವಾಗುತ್ತದೆ
ಒಯಾರ್ಸುನ್ ಟೀಚರ ಪ್ರತಿ ಪತ್ರ.
ಬಂದರಿನಲ್ಲಿ ಕ್ರೇನ್ ನಡೆಸುವವಳು ನನ್ನ ಹೆಂಡತಿ,
ನಲವತ್ತು ಮೀಟರ್ ಎತ್ತರದಿಂದ
ಹಡಗಿನ ಹೊಟ್ಟೆಗೆ ಅಂಗುಲ ತಪ್ಪದೆ ಕಂಟೇನರ್ ಇಳಿಸುವವಳು.
ಮಗಳ ಚೀಲ ಬಿಚ್ಚಿದರೆ ಕೈಚೆಲ್ಲುತ್ತಾಳೆ.
ಆ 'ಆದರೆ'ಯಿಂದ ಮುಂದಕ್ಕೆ ಓದುವುದಿಲ್ಲ;
ನನ್ನ ಮುಖ ನೋಡುತ್ತಾಳೆ, ಅಷ್ಟೆ.

ಗಮನವಿಲ್ಲವಂತೆ.
ಇವಳಲ್ಲಿರುವುದೆಲ್ಲ ಗಮನವೇ ತಾಯಿ,
ಇಲ್ಲದ್ದು ನಿಲುಗಡೆ.

ಬೆಳಗಿನ ಮಾತ್ರೆ ಶಾಲೆಗೆ ಸರಿಹೋಗುತ್ತದೆ.
ಸಂಜೆಗೆ ಅದು ಇಳಿದಿರುತ್ತದೆ.
ಸಂಜೆಯದು ನನ್ನ ಪಾಳಿ.
ನನ್ನ ಕಾಲಕ್ಕೆ ಇದಕ್ಕೆ ಹೆಸರಿರಲಿಲ್ಲ, ಸ್ಕೇಲಿತ್ತು:
ಕಿಟಕಿಯಾಚೆ ಕಡಲಹಕ್ಕಿ ಕಂಡ ಪ್ರತಿ ಸಲ
ಬೆರಳ ಗೆಣ್ಣಿಗೆ.

ಗುರುವಾರ ಏಳು ಗಂಟೆಗೆ, ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚುತ್ತ
"ನಾಳೆ ಪ್ರಬಂಧ ಕೊಡಬೇಕು" ಎಂದಳು,
ನಾಳೆ ಮೋಡವಂತೆ ಅನ್ನುವ ಹಾಗೆ.
ಉತ್ತರದ ಮರುಭೂಮಿಯ ಪೆಟ್ಲುಪ್ಪಿನ ಚರಿತ್ರೆ, ಎರಡು ಪುಟ.
ಮೂರು ವಾರದ ಹಿಂದೆ ಕೊಟ್ಟದ್ದು.
ಕೂಗಾಡಿದೆ. ಅದನ್ನು ಬಿಟ್ಟು ಬರೆದರೆ ಇದು ಸುಳ್ಳಾಗುತ್ತದೆ.
ಫೋನ್ ಕಿತ್ತುಕೊಂಡೆ, ಬಾಗಿಲೆಳೆದೆ,
ಕುರ್ಚಿ ಗೋಡೆಗೆ ತಿರುಗಿಸಿದೆ.
ಒಂದು ಗಂಟೆಯಲ್ಲಿ ಹುಟ್ಟಿದ್ದು
ಅವಳ ಹೆಸರು, ತಾರೀಖು,
ಮತ್ತು ಗೋಡೆಯ ಬಿರುಕಿನ ಚೊಕ್ಕ ನಕಾಶೆ.

ಆಮೇಲಿನದು ನನ್ನ ಉಪಾಯವಲ್ಲ.
ಎದ್ದಳು, ಪುಸ್ತಕ ಹಿಡಿದು ಡಬ್ಬಿಯೊಳಗೆ ನಿಂತಳು.
"ಹೋಗುವಾಗ ಒಂದು ವಾಕ್ಯ,
ಬರುವಾಗ ಒಂದು. ನೀನು ಬಿಡು."
ಬಿಟ್ಟೆ.
ಕೀರುವ ಗಾಲಿ, ಮಂಜು, ಕೆಳಗೆ ಹಡಗುಗಳ ದೀಪ.
ಮೀನುಬುಟ್ಟಿಯ ಮುದುಕ ಎಲೆಯುತೇರಿಯೊ
ಅವಳ ಮೊಣಕೈಗೆ ಜಾಗ ಬಿಟ್ಟು ಮುದುಡಿ ನಿಂತ.
ಹನ್ನೊಂದನೆಯ ಸಲ ಕೆಳಗಿಳಿದವಳು ಓದಿ ಹೇಳಿದಳು:
ಗಣಿಯವರಿಗೆ ಕೂಲಿಯೆಂದು ಕೊಟ್ಟದ್ದು ದುಡ್ಡಲ್ಲ, ಬಿಲ್ಲೆ;
ಬಿಲ್ಲೆ ನಡೆಯುತ್ತಿದ್ದದ್ದು ಧಣಿಯ ಅಂಗಡಿಯಲ್ಲಿ ಮಾತ್ರ.
"ಮಾರ್ಕ್ಸೂ ಹಾಗೇ ಅಲ್ಲವೇನಪ್ಪ?"
ಕಿಂಡಿಯಲ್ಲಿ ಯಾರೋ ಚಿಲ್ಲರೆ ಚಾಚಿದರು.
ಎಣಿಸಿದೆ, ತಪ್ಪಿತು, ಮತ್ತೆ ಎಣಿಸಿದೆ.

ಕೊನೆಯ ಡಬ್ಬಿಯ ಹೊತ್ತಿಗೆ
ಎರಡು ಪುಟಕ್ಕೆ ನಾಲ್ಕು ಸಾಲು ಕಮ್ಮಿ.
ಸಾಕು ಎಂದೆ.

ಎಲ್ಲ ಸಂಜೆಯೂ ಹೀಗಲ್ಲ. ಮುಂದಿನ ಸೋಮವಾರ
ಇಪ್ಪತ್ತು ಸಲ ಹತ್ತಿಳಿದು ಒಂದಕ್ಷರ ಹುಟ್ಟಲಿಲ್ಲ,
ಭೂಗೋಳದ ಪುಸ್ತಕವನ್ನು
ಬೀದಿನಾಯಿ ದಿಂಬು ಮಾಡಿಕೊಂಡಿತ್ತು.
ಅದಿರಲಿ, ಶುಕ್ರವಾರದ್ದು ಇನ್ನೂ ಮುಗಿದಿಲ್ಲ.

ಅವತ್ತು ಬೆಳಗ್ಗೆ ಇನ್ನೊಬ್ಬನ ಬದಲಿಗೆ ನಾನೇ ಬಂದಿದ್ದೆ.
ಡಬ್ಬಿ ಗುಡಿಸುವಾಗ ಬೆಂಚಿನಡಿ ಸಿಕ್ಕಿತು ಪ್ರಬಂಧ.
ಅವಳಾಗಲೇ ಶಾಲೆಯಲ್ಲಿ.
'ಈಗ ಬಂದೆ' ಎಂಬ ಬೋರ್ಡು ತೂಗಿಸಿ,
ಕಾದು ನಿಂತವರ ಬೈಗುಳ ಬೆನ್ನಿಗೆ ಕಟ್ಟಿಕೊಂಡು
ನೂರ ಅರವತ್ತು ಮೆಟ್ಟಿಲು ಓಡಿ ಇಳಿದೆ,
ಎಂಟನೆಯ ಕ್ಲಾಸಿಗೇ ಶಾಲೆ ಬಿಟ್ಟವನು
ಮತ್ತೆ ಶಾಲೆಯ ಗಂಟೆಗೆ ಹೆದರಿ.

ಗೇಟಿನ ಹತ್ತಿರ ಜೇಬು ತಡವಿದೆ.
ಪ್ರಬಂಧ ಕಿಂಡಿಯಲ್ಲೇ ಇತ್ತು,
ಚಿಲ್ಲರೆಯ ಪಕ್ಕ, ಮಡಚಿ,
ಮರೆಯಬಾರದೆಂದು ಎದುರಿಗೇ ಇಟ್ಟದ್ದು.