ಗುಂಡಿ ಸಿಕ್ಕಿಕೊಂಡಾಗ

ಊರ ಹೆಸರು ಹೈಮಾ.
ಹಿಮವೂ ಇಲ್ಲ, ಹೇಮವೂ ಇಲ್ಲ;
ಪೆಟ್ರೋಲ್ ಪಂಪು, ಮಸೀದಿ, ಟಯರಿನಂಗಡಿ,
ಅಂಗಡಿಯ ಹಿಂದೆ ನನ್ನ ಕೋಣೆ,
ಕೋಣೆಯ ಮೇಲೆ, ಮೀನು ಕಚ್ಚಿದ ಗಾಳದ ಕೋಲಿನ ಹಾಗೆ
ಗಾಳಿಗೆ ಬಾಗುವ ಆಂಟೆನಾ.

ಸೆಟ್ಟು ನನಗಿಂತ ನಾಲ್ಕು ವರ್ಷ ಹಿರಿಯದು.
ಮಸ್ಕತ್ತಿನ ಗುಜರಿಯಲ್ಲಿ ಆರು ರಿಯಾಲಿಗೆ ಸಿಕ್ಕಿದ್ದು.
ಕ್ರೋಮು ಎದ್ದಿದೆ, ಒಂದು ತಿರುಗುಬಿರಟೆ ಇಲ್ಲ,
ಅದರ ಜಾಗದಲ್ಲಿ ಕೆಮ್ಮಿನ ಔಷಧಿಯ ಮುಚ್ಚಳ.
ಕಿಸೆಯಲ್ಲಿ ಫೋನಿರುವಾಗ ಇದೆಂತಕ್ಕೆ ಮಾರಾಯ
ಎನ್ನುತ್ತಾರೆ ಟಯರಿನವರು.
ಫೋನಿನಲ್ಲಿ ಬೇಕಾದವನನ್ನು ಮಾತ್ರ ಕರೆಯಬಹುದು.
ಗಂಗೊಳ್ಳಿಯ ಬೋಟುಗಳ ವಯರ್‌ಲೆಸ್ ಕೇಳಿ ಬೆಳೆದವ ನಾನು,
ಹ್ವಾಯ್, ಯಾರಾರೂ ಇದ್ರ್ಯಾ, ಎಂದು ಕತ್ತಲಿಗೆ ಕೂಗದೆ
ನಿದ್ದೆ ಹತ್ತುವುದಿಲ್ಲ.

ಹತ್ತೊಂಬತ್ತನೇ ಚಾನೆಲ್ಲಿನಲ್ಲಿ ಮೂವರು.
ನಾನು ಬಂಗುಡೆ.
ಹರಾಸೀಸ್ ಕುಲದ ಮುದುಕ ಮುಸಲ್ಲಂ,
ಹಳೇ ಪಿಕಪ್ಪಿನಲ್ಲಿ ಒಂಟೆಗಳ ಹಿಂದೆ ಅಲೆಯುವವನು, ಮರಳಿಲಿ.
ಉಪ್ಪಿನಂಗಡಿಯ ಹಸನಬ್ಬ, ನೀರಿನ ಟ್ಯಾಂಕರು, ನೀರ್ದೋಸೆ;
ಮುಸಲ್ಲಮನ ಬಾಯಲ್ಲಿ ನೀರ್‌ದೂಸಾ.
ಗುಂಡಿ ಒತ್ತಿದರೆ ಬಾಯಿ, ಬಿಟ್ಟರೆ ಕಿವಿ,
ಎರಡೂ ಒಟ್ಟಿಗಿಲ್ಲ.
ಮುಸಲ್ಲಂ ಈಗ ಒಂಟೆಗಳನ್ನೂ ಹ್ವಾಯ್ ಎಂದೇ ಕರೆಯುತ್ತಾನೆ.

ಮೊನ್ನೆ ಮಂಜಿನ ರಾತ್ರಿ, ಹನ್ನೊಂದೂವರೆಗೆ,
ಮೊದಲು ಬರೀ ಎಂಜಿನ್ನು.
ಆಮೇಲೆ ಗೇರು. ಸಣ್ಣ ಕೆಮ್ಮು.
ಗುಂಡಿ ಸಿಕ್ಕಿಕೊಂಡಿದೆ, ಅವನಿಗೆ ಗೊತ್ತಿಲ್ಲ.
ಕೂಗಿದೆ: ನೀರ್ದೋಸೆ, ಗುಂಡಿ ಬಿಡು!
ಬಾಯಿ ತೆರೆದೇ ಇರುವ ಸೆಟ್ಟಿಗೆ ಎಲ್ಲಿಯ ಕಿವಿ?
ಫೋನು ಮಾಡಿದೆ. ಓಡಿಸುವಾಗ ಎತ್ತುವವನಲ್ಲ;
ಅದು ರಿಂಗಾದದ್ದು ನನ್ನ ಸ್ಪೀಕರಿನಲ್ಲೇ ಕೇಳಿತು.

'ಶೀನಾ,' ಎಂದ.
ಹಾಂ ಎಂದೆ, ಕೋಣೆಯಲ್ಲಿ ಒಬ್ಬನೇ.
'ಶೀನಾ, ಒಂದು ವಿಷಯ ಉಂಟು.'
ಗೇರು ಬದಲಾಯಿತು.
'ಈ ಗಾಡಿ ಗುಜರಿಗೆ ಹೋಗ್ತದೆ ಶೀನಾ,
ಹೊಸದರಲ್ಲಿ ಕ್ಯಾಮೆರಾ ಉಂಟಂತೆ,
ನಮ್ಮ ಡಬ್ಬಿ ಇಡ್ಲಿಕ್ಕೆ ಬಿಡುದಿಲ್ಲಂತೆ.'
ಛೆ, ಎಂದ. ಸರಿಯಾಗಲಿಲ್ಲ ಅವನಿಗೆ.
ನಗುತ್ತ ಹೇಳಿ ನೋಡಿದ:
'ಬಂಗುಡೆ, ನಾಳೆಯಿಂದ ನಿನಗೆ ದೋಸೆ ಇಲ್ಲ.'
ನಗು ಅರ್ಧಕ್ಕೆ ಕೆಟ್ಟಿತು.
ಕಂಪೆನಿಗೆ ಬೈದ, ಬ್ಯಾರಿಯಲ್ಲಿ, ನಾಲ್ಕು ಕಿಲೋಮೀಟರ್.
ಆಮೇಲೆ ಅರಬ್ಬಿಯಲ್ಲಿ, ಮುಸಲ್ಲಮನಿಗೆ: ಯಾ ಅಮ್ಮೀ,
ಅಲ್ಲಿಂದ ಮುಂದೆ ಪದ ಸಿಗಲಿಲ್ಲ.
ಯಾ ಅಮ್ಮೀ. ವೈಪರು. ಯಾ ಅಮ್ಮೀ.
ಚಿಕ್ಕಪ್ಪಾ ಎಂದು ಅರ್ಥ;
ನನ್ನ ಕಿವಿಗೆ ಅಮ್ಮಾ ಎಂದೇ ಬಿತ್ತು.

ಆರಿಸಬಹುದಿತ್ತು.
ಕದ್ದು ಕೇಳಬಾರದೆಂದು ಯಾರಿಗೆ ಗೊತ್ತಿಲ್ಲ?
ಆದರೆ ಮಂಜಿನಲ್ಲಿ ಒಂಟೆಗಳು ಟಾರಿಗೆ ಬಂದು ನಿಲ್ಲುತ್ತವೆ,
ಎಂಜಿನ್ನು ಕೇಳುವ ತನಕ ಅವನಿದ್ದಾನೆ.
ಮೀಟರಿನ ಮುಳ್ಳು ಮೂರಕ್ಕೆ, ಐದಕ್ಕೆ, ಏಳಕ್ಕೆ ಏರಿತು.
ಕೊನೆಗೆ ಸ್ಪೀಕರಿನೊಳಗಿನ ಏರ್‌ಬ್ರೇಕೂ
ಬಾಗಿಲಾಚೆಯ ಏರ್‌ಬ್ರೇಕೂ
ಒಂದೇ ಆದವು.

ಫ್ಲಾಸ್ಕು ಹಿಡಿದು ಮುಸಲ್ಲಮನೂ ಬಂದಿದ್ದ.
ಅವನಿಗೂ ಕೇಳಿದೆ; ನಾವು ಕಣ್ಣು ಸೇರಿಸಲಿಲ್ಲ.
ಮಂಜಿನ ಬಗ್ಗೆ ಮಾತಾಡಿದೆವು, ಡೀಸೆಲಿನ ಬಗ್ಗೆ.
ಹಸನಬ್ಬ ಎರಡು ಸಲ ಬಾಯಿ ತೆರೆದ,
ಎರಡು ಸಲವೂ ಖರ್ಜೂರ ಹಾಕಿಕೊಂಡ.
ಕೊನೆಗೆ ಮೈಕು ಮೇಜಿನ ಮೇಲಿಟ್ಟು,
'ಇದರ ಗುಂಡಿ ಸ್ವಲ್ಪ ಸಿಕ್ಕಿಕೊಳ್ತದಾ ಅಂತ. ನೋಡು.'
'ಹೌದಾ?' ಎಂದೆ.

ಬಿಚ್ಚಿದೆ. ಒಳಗೆ ಚಿಟಿಕೆ ಮರಳು, ಸೋತ ಸ್ಪ್ರಿಂಗು.
ಬಾಲ್‌ಪೆನ್ನಿನ ಸ್ಪ್ರಿಂಗು ಕತ್ತರಿಸಿ ಕೂರಿಸಿದೆ.
'ಎಷ್ಟಾಯ್ತು?'
'ಮುಂದಿನ ಟ್ರಿಪ್ಪಿಗೆ ಕೊಡು.'
ಅವನು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ.

ಹೊರಟು ಹೋಗಿ ನಾಲ್ಕು ಕಿಲೋಮೀಟರಿಗೆ ಕರೆದ,
ನನ್ನೂರಿನ ಮಾತಿನಲ್ಲಿ:
'ಹ್ವಾಯ್ ಬಂಗುಡೆ, ಈಗ ಸಮಾ ಕೇಂತಿತ್ತಾ?'
ಬಿಟ್ಟ. ಗುಂಡಿ ಬಿಟ್ಟದ್ದು ಚೊಕ್ಕ ಕೇಳಿತು.
ನನ್ನ ಸರದಿ. ಒತ್ತಿದೆ.
ಒತ್ತಿಕೊಂಡೇ ಇದ್ದೆ.