ಐದು ನಿಮಿಷದ ನಂತರ

ಸೂಜಿ. ಕೊಡೆ. ಗಂಟೆ. ಕನ್ನಡಿ. ನದಿ.
ನೆನಪಿಟ್ಟುಕೊಳ್ಳಿ ದೇಚಮ್ಮ, ಆಮೇಲೆ ಕೇಳುತ್ತೇನೆ, ಎಂದೆ.
ಗೋಣಿಕೊಪ್ಪದ ಆಸ್ಪತ್ರೆ, ಎಕ್ಸ್‌ರೇ ಕೋಣೆಯ ಪಕ್ಕದ ಮೇಜು.
ಅಧ್ಯಯನದ ಪಟ್ಟಿಯಲ್ಲಿ ಹೆಸರಿಲ್ಲ ಆಕೆಗೆ,
ನೂರಾ ಹದಿನಾಲ್ಕು, ಅಷ್ಟೆ.

ಐದು ನಿಮಿಷ ಕಳೆಯಿತು. ಆಕೆ
ಲಕ್ವ ಹೊಡೆದ ಬಲಗೈಯನ್ನು ಎಡಗೈಯಲ್ಲೆತ್ತಿ
ನಿದ್ದೆಹೋದ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು
ನನ್ನನ್ನೇ ಕೇಳಿದಳು: ಊಟ ಆಯ್ತಾ?
ಸೊನ್ನೆ ಬರೆದೆ. ದುಂಡಗೆ.

ಮೂರು ವಾರ. ಸಂತೆಯ ದಿನ,
ಒಣಮೀನಿನ ಸಾಲಿನಾಚೆಯಿಂದ ಯಾರೋ ಕೂಗಿದರು,
‘ಏ, ಪೆನ್ನಿನ ಹುಡುಗೀ!’
ಮಗಳ ಹಿಡಿತ ಕೊಡವಿ, ಕಾಲೆಳೆಯುತ್ತ ಬಂದು
ಎಡಗೈಯ ಬೆರಳು ಮಡಿಚಿದಳು:
ಕೊಡೆ, ಗಂಟೆ, ಸೂಜಿ, ಕನ್ನಡಿ...
ಹೆಬ್ಬೆರಳಲ್ಲಿ ತಡೆದು, ಹುಬ್ಬು ಗಂಟಿಕ್ಕಿ,
‘ಕೀರೆಹೊಳೆ.’

ನಮ್ಮ ಫಾರಂನಲ್ಲಿ ಐದು ನಿಮಿಷಕ್ಕಷ್ಟೇ ಚೌಕ.
ನದಿ ಎಂದರೆ ಒಂದಂಕ;
ಹೆಸರು ಹಿಡಿದು ಕರೆದರೆ ಎಷ್ಟೆಂದು
ಸೂಚನೆಗಳಲ್ಲಿ ಎಲ್ಲೂ ಬರೆದಿಲ್ಲ.
ಬಸ್ ಟಿಕೆಟ್ಟಿನ ಹಿಂದೆ ಗುರುತು ಹಾಕಿಕೊಂಡೆ, ತಾರೀಖು ಸಮೇತ.

ಆಕೆ ಆಗಲೇ ಮೀನಿನವನೊಡನೆ ಚೌಕಾಸಿಗಿಳಿದಿದ್ದಳು,
ಮುಷ್ಟಿಯಲ್ಲೇ ಇದ್ದ ನೋಟನ್ನು
ಸೆರಗಿನ ಗಂಟಲ್ಲಿ ಹುಡುಕುತ್ತ.