ಬಾಗಿಲ ಮ್ಯಾಲಿನ ಅಂಕಿ

ನೀಲಗಂಗಾ ಮಾಳಿಗಿ ಮ್ಯಾಲ ಪರೀಕ್ಷಾಕ ಓದಲತ್ತಾಳ.
ಕರೆಂಟ್ ಹೋಗ್ಯದ. ರಾತ್ರಿ ಹತ್ತಾದ್ರೂ
ಶಹಾಬಾದಿ ಪರಸಿ ಇನ್ನೂ ಸುಡಲತ್ತದ.
ಪುಸ್ತಕದಾಗ ಒಬ್ಬ ಅಧ್ಯಕ್ಷ. ಯಾವುದೋ ದೂರದ ದೇಶಕ್ಕ
ಐದು ಸಾವಿರ ಸಿಪಾಯಿ ಕಳಿಸಿದ್ದ. ಅರ್ಧ ಮಂದಿ ತಿರುಗಿ ಬರಲಿಲ್ಲ.
ಅದಕ್ಕ ಮತ್ತ ಐವತ್ತು ಸಾವಿರ ಕಳಿಸಿದ.
'ಯಾಕಪ್ಪಾ? ಶಾಣ್ಯಾ ಇದ್ನಲ್ಲ ಅಂವ?'

ನಾ ಏನ್ ಹೇಳ್ಲಿ. ನಾ ಮುನೀಮ.
ಕಲಬುರಗಿ ಗಂಜಿನ ಒಂದು ಅಡತಿ ಅಂಗಡ್ಯಾಗ
ಇಪ್ಪತ್ತಾರು ವರ್ಷ ಲೆಕ್ಕ ಬರದಾಂವ.

ನಮ್ಮ ಸಾವಕಾರ ರೇವಣಪ್ಪ ಕಿಣಗಿ ಪುಕ್ಕಲ ಮನಷ್ಯಾ.
ತೊಗರಿ ಏರಿದ ವರ್ಷ, ಕ್ವಿಂಟಲಿಗೆ ಇನ್ನೂರು ಸಿಕ್ಕಿದ್ದೇ
ಮಾರ್ರಿ ಮಾರ್ರಿ ಅಂತ ಒದರಿದ,
ಕೈ ನಡುಗಿ ಚಹಾ ಬಸಿಯೊಳಗ ಚೆಲ್ತು.
ಮರುವರ್ಷ ಹತ್ತು ಸಾವಿರದ ಎಂಟುನೂರಕ್ಕ ತುಂಬಿಸಿಕೊಂಡ.
ಆ ಅಂಕಿ ಗೋದಾಮಿನ ಬಾಗಿಲ ಮ್ಯಾಲ
ಸೀಮೆಸುಣ್ಣದಾಗ ತಾನೇ ಬರದ.
ಧಾರಣಿ ಬಿತ್ತು. ಒಂಬತ್ತೂವರಿ. ಒಂಬತ್ತು.
ಆವಾಗ ಚಹಾ ಚೆಲ್ಲಲಿಲ್ಲ. ಕೈ ಕಲ್ಲಾಗಿತ್ತು.
'ಇನ್ನೊಂದು ಸಾವಿರ ಚೀಲ ಹಿಡೀರಿ' ಅಂದ,
ದನಿಯೊಳಗ ನಾ ಎಂದೂ ಕೇಳದ ಧೈರ್ಯ.

ಧೈರ್ಯ ಅಲ್ಲವ್ವಾ ಅದು.
ಲಾಭದಾಗ ಮೊಲ ಆದಾಂವ ನಷ್ಟದಾಗ ಹುಲಿ ಆಗ್ತಾನ,
ಅಡವಿ ಹುಲಿ ಅಲ್ಲ, ಬೋನಿನ ಹುಲಿ.
ಪ್ಯಾಟಿ ಎಲ್ಲಾ ಇವತ್ತಿನ ಧಾರಣಿ ನೋಡ್ತಿತ್ತು,
ಅಂವ ಬಾಗಿಲ ನೋಡ್ತಿದ್ದ.

'ಅಧ್ಯಕ್ಷನ ಕೋಣ್ಯಾಗ ಬ್ಯಾರೆ ಮಂದಿ ಇರಲಿಲ್ಲೇನು?'
ಇದ್ದರು. ಪೆನ್ನು ಹಿಡಕೊಂಡು ಕುಂತಿದ್ದರು.
ನಾನೂ ಕುಂತಿದ್ದೆ. ಮುಳುಗಿದ ರೊಕ್ಕ
ಕೆಂಪು ಶಾಯೀಲೆ ಬರಿಯೋದು ಬಿಟ್ಟು
'ಬರಬೇಕಾದದ್ದು' ಅಂತ ಕಪ್ಪು ಶಾಯೀಲೆ ಬರದೆ.
ಒಂದೇ ಒಂದು ಸಲ, 'ಧಣೀ...' ಅಂದೆ.
ತಿರುಗಿ ನೋಡಿದ.
ಫ್ಯಾನ್ ಜೋರು ಮಾಡ್ಲೇನ್ರಿ ಅಂತ ಕೇಳಿದೆ.

ಮಳಿಗಾಲಕ್ಕ ಚೀಲಕ್ಕ ಹುಳ ಹತ್ತಿದವು.
ಸಾವಕಾರಂದು ಗೋದಾಮು ಹೋತು, ಮನಿ ಉಳೀತು.
ಹಮಾಲ ಲಾಲಪ್ಪನ ಮೂರು ತಿಂಗಳ ಕೂಲಿ ಹೋತು.
ನನ್ನ ಲೆಕ್ಕದಾಗ ಅವನಿಗೆ ಪುಟಾನೇ ಇರಲಿಲ್ಲ,
ಕಡೀ ಹಾಳೀ ಅಂಚಿನ್ಯಾಗ, ಪೆನ್ಸಿಲಿಲೆ,
ಬರೇ 'ಲಾ' ಅಂತ ಒಂದು ಅಕ್ಷರ.

'ಇದೆಲ್ಲಾ ಪರೀಕ್ಷಾದಾಗ ಬರೀಲೇನು?'
ಬರಿ. ಹತ್ತು ಮಾರ್ಕಿಂದಾದ್ರ ಲಾಲಪ್ಪನ್ನೂ ಬರಿ.

ಮೊನ್ನಿ ಗಂಜಿಗೆ ಹೋಗಿದ್ದೆ. ಗೋದಾಮು ಬ್ಯಾರೇದವರ ಕೈಯಾಗದ.
ಬಾಗಿಲಿಗೆ ನೀರು ಹಾಕಿ ತಿಕ್ಯಾರ.
ಸಂಜಿ ಅಡ್ಡ ಬಿಸಿಲು ಬಿದ್ರ ಕಟ್ಟಿಗಿ ಮ್ಯಾಲ
ಕಡೀ ಎರಡು ಸೊನ್ನಿ ಇನ್ನೂ ಕಾಣ್ತಾವ.
ಹೊಸ ಮುನೀಮ ಅಲ್ಲೊಂದು ಮೊಳಿ ಹೊಡದು
ತನ್ನ ಅಂಗಿ ತೂಗಹಾಕ್ಯಾನ.